ಬೂದಿಗೂಡಿಗೆ ಯಾವ ಕಲ್ಲು?

ಒಂದು ಗೂಡಿಗೆ ಎರಡು ಸಾವಿರದ ಆರುನೂರು ರೂಪಾಯಿ ಬಿತ್ತು. ಕಲ್ಲು, ಕೊರೆತ, ಮೇಸ್ತ್ರಿ ಕೂಲಿ, ಲಾರಿ ಬಾಡಿಗೆ, ಲಾರಿಯವನು ಕುಡಿದ ಚಹಾ, ಎಲ್ಲ ಸೇರಿ. ಎರಡು ಸಾವಿರದೊಳಗೆ ಮುಗಿಸಿಕೊಡುತ್ತೇನೆ ಎಂದು ಎದೆ ತಟ್ಟಿಕೊಂಡು ಬಂದವನು ನಾನೇ. ಮೇಲಿನ ಆರುನೂರು ಏಕೆ ಬಿತ್ತೆಂದರೆ, ಎಪ್ಪತ್ತು ದಾಟಿದ ಒಬ್ಬ ಮುದುಕಿ ಒಂದು ಮಧ್ಯಾಹ್ನ ನನ್ನ ಕಲ್ಲಿನ ಮೇಲೆ ಅಂಗೈ ಇಟ್ಟಳು. ಆ ಹಣವನ್ನು ನಾನು ಯಾರಿಂದಲೂ ಕೇಳಲಿಲ್ಲ. ನಲವತ್ತು ವರ್ಷ ಕಲ್ಲಿನೊಂದಿಗೆ ಬದುಕಿಯೂ ಕಲ್ಲನ್ನು ಮುಟ್ಟಿ ನೋಡಲು ಮರೆತವನಿಗೆ ಅಷ್ಟಾದರೂ ದಂಡ ಬೇಡವೇ?

ಗೂಡು ಎಂದರೆ ಹಕ್ಕಿಯದಲ್ಲ. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ಚಿಮಣಿ ದೀಪ ಇಡಲು ಬಿಡುತ್ತಿದ್ದರಲ್ಲ, ಅಂಥದ್ದು. ಇದರಲ್ಲಿ ಇಡುವುದು ದೀಪವಲ್ಲ, ತೀರಿಕೊಂಡವರ ಬೂದಿ. ಹಗರಿಬೊಮ್ಮನಹಳ್ಳಿಯ ಹೊರಗೆ ಒಂದು ಚಿಕ್ಕ ಬುದ್ಧವಿಹಾರವಿದೆ. ಮೇಷ್ಟ್ರುಗಳು, ನರ್ಸುಗಳು, ಬಸ್ಸಿನವರು ಸಂಬಳದಲ್ಲಿ ಇಷ್ಟಿಷ್ಟು ತೆಗೆದಿಟ್ಟು ಕಟ್ಟಿಕೊಂಡದ್ದು. ಅದರ ಹಿತ್ತಲ ಗೋಡೆಗೆ ಇಪ್ಪತ್ತನಾಲ್ಕು ಗೂಡು ಮಾಡಿಸಬೇಕೆಂದು ಅವರು ತೀರ್ಮಾನಿಸಿದರು. ನನ್ನ ಕಲ್ಲಿನ ಅಂಗಡಿ ಇರುವುದು ಕೊಟ್ಟೂರಿನಲ್ಲಿ. ದಾರಿಯಲ್ಲಿ ಇನ್ನೂ ನಾಲ್ಕು ಅಂಗಡಿಗಳಿದ್ದರೂ ಅವರು ನನ್ನಲ್ಲಿಗೇ ಬಂದದ್ದು ನನ್ನ ಪ್ರಾಮಾಣಿಕತೆಗೆ ಎಂದು ಬರೆಯಲು ಕೈ ತುದಿಗಾಲಲ್ಲಿ ನಿಂತಿದೆ. ನಿಜ ಏನೆಂದರೆ, ಈ ಕೊಟ್ರೇಶಪ್ಪನ ಹತ್ತಿರ ಚೌಕಾಸಿ ಮಾಡಬಹುದು, ಅವನಿಗೂ ಅದರಲ್ಲಿ ಖುಷಿ ಇದೆ ಎಂದು ಊರಿಗೆಲ್ಲ ಗೊತ್ತು. ಲಾರಿಯಿಂದ ಕಡಪಾ ಕಲ್ಲು ಇಳಿಸುವ ಹಮಾಲಿಯಾಗಿ ಶುರು ಮಾಡಿದವನು ನಾನು. ಚೌಕಾಸಿ ಮಾಡದೆ ಕೊಂಡವರನ್ನು ಕಂಡರೆ ನನಗೆ ಊಟ ಅರ್ಧಕ್ಕೇ ಬಿಟ್ಟು ಎದ್ದಂತಾಗುತ್ತದೆ.

ಅವರ ಪರವಾಗಿ ಬಂದವಳು ಸುಮಿತ್ರಾ, ಸರ್ಕಾರಿ ಆಸ್ಪತ್ರೆಯ ನರ್ಸು. ಗಂಡ ನಾಗರಾಜ ಬಸ್ಸಿನ ಡ್ರೈವರ್ ಆಗಿದ್ದವನು. ಎಂಟು ತಿಂಗಳ ಹಿಂದೆ ಡ್ಯೂಟಿ ಮುಗಿಸಿ ಬಂದು ಮಲಗಿದವನು ಮತ್ತೆ ಏಳಲಿಲ್ಲ. ಕೂಡ್ಲಿಗಿ ದಾರಿಯ ಬಸ್ಸಿನಲ್ಲಿ ನಾನೊಮ್ಮೆ ಒರಳುಕಲ್ಲನ್ನು ಸೀಟಿನ ಕೆಳಗೆ ತಳ್ಳಿ ಲಗೇಜು ಚೀಟಿ ಉಳಿಸಲು ನೋಡಿದ್ದೆ. ಡ್ರೈವರು ಕನ್ನಡಿಯಲ್ಲೇ ನನ್ನ ಮುಖ ನೋಡಿ, "ಯಣ್ಣಾ, ಕಲ್ಲಿಗೂ ಒಂದು ಚೀಟಿ ಹರಿಸು, ಇಲ್ಲಾಂದ್ರ ಅದನ್ನ ತೊಡಿ ಮ್ಯಾಲ ಕುಂದ್ರಿಸ್ಕೋ" ಎಂದಿದ್ದ. ಬಸ್ಸೆಲ್ಲ ನಕ್ಕಿತ್ತು. ಆತನೇ ಈ ನಾಗರಾಜ ಎಂದು ತಿಳಿದಾಗ, ಬಂದ ವ್ಯಾಪಾರದ ಮೊದಲ ಹತ್ತು ನಿಮಿಷ ನನ್ನಿಂದ ದರ ಹೇಳಲಾಗಲಿಲ್ಲ.

"ಹೊಳಿಗೆ ಬಿಡೋದಿಲ್ಲೇನಮ್ಮಾ? ಎಲ್ಲಾರೂ ತುಂಗಭದ್ರಿಗೆ ಬಿಡ್ತಾರಲ್ಲ" ಎಂದೆ.

"ಬಿಟ್ರ ಎಲ್ಲಿಗೆ ಹೋಗಿ ನೋಡ್ಲಿ ಕೊಟ್ರೇಶಣ್ಣಾ? ಡ್ಯಾಮ್ ಸೇರಿ, ಕಾಲುವಿಗುಂಟ ಹೋಗಿ, ಯಾರದೋ ನೆಲ್ಲಿನ ಗದ್ದ್ಯಾಗ ಕುಂತಿರ್ತಾರ. ಇಲ್ಲಿ ಇಟ್ರ ಹುಡುಗ್ಯಾರು ಸಾಲಿ ಬಿಟ್ಟ ಮ್ಯಾಲೆ ಬಂದು, ಅಪ್ಪಾ ಅಂತ ಒಂದು ಮಾತು ಅಂದು ಹೋಗ್ತಾವು."

ಆಮೇಲೆ ನಾನು ಮಾಡಿದ ತಪ್ಪನ್ನು ನಮ್ಮವರು ಮಾತ್ರ ಮಾಡಬಲ್ಲರು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಗುಂಡಿ ತೋಡಿ, ಅದರ ಒಂದು ಬದಿಗೆ ಗೂಡು ಕೊರೆದು, ತೀರಿಕೊಂಡವರನ್ನು ಅಲ್ಲಿ ಕೂಡಿಸಿ, ವಿಭೂತಿ ತುಂಬುತ್ತೇವೆ. ಆ ಗುಂಡಿಯ ಉದ್ದ ಅಗಲ ಆಳಕ್ಕೆ ಟೇಪು ಹಿಡಿಯುವುದಿಲ್ಲ. ಸತ್ತವರ ಪಾದವೇ ಅಳತೆ. ಸಮಾಧಿಯ ಹಾಸುಗಲ್ಲಿಗಾಗಿ ಯಾರು ಬಂದರೂ ನಾನು ಮೊದಲು ಕೇಳುವುದು ಪಾದವನ್ನೇ. ಅದೇ ರೂಢಿಯಲ್ಲಿ, ಚಹಾ ತರಿಸುತ್ತ, ಲೆಕ್ಕದ ಪುಸ್ತಕ ಬಿಡಿಸುತ್ತ, ಸುಮಿತ್ರಾಳನ್ನೂ ಕೇಳಿಬಿಟ್ಟೆ: "ಅವರ ಪಾದ ಎಷ್ಟು ಅಳತೀದಮ್ಮಾ?"

ಚಹಾ ಬರುವ ಮೊದಲೇ ಆಕೆ ಎದ್ದುಹೋದಳು. ಮರುದಿನ ಬಂದು ಪ್ಲಾಸ್ಟಿಕ್ ಚೀಲದಿಂದ ಒಂದು ಕರಿ ಬೂಟು ತೆಗೆದು ಮೇಜಿನ ಮೇಲಿಟ್ಟಳು. ಪಾಲಿಶ್ ಮಾಡಿತ್ತು. ಬಲಗಾಲಿನದು, ಅಟ್ಟೆ ಒಂದು ಕಡೆ ಸವೆದಿತ್ತು, ಬ್ರೇಕು ತುಳಿದೂ ತುಳಿದೂ.

"ಪಾದ ಈಗೆಲ್ಲಿಂದ ತರ್ಲಿ? ಇದು ನಡಿತೈತೇನು?" ಎಂದಳು.

ಬೂದಿಗೆ ಪಾದದ ಅಳತೆ ಬೇಕಿಲ್ಲ, ಡಬ್ಬಿ ಹಿಡಿಯುವಷ್ಟು ಜಾಗ ಸಾಕು, ನನ್ನ ಬಾಯಿ ಜಾರಿತು ಎಂದು ಆಗ ಹೇಳಲು ಎಂಥ ಗಂಡಸಿಗೂ ಆಗುತ್ತಿರಲಿಲ್ಲ. ನಾನು ಗಂಭೀರವಾಗಿ ಟೇಪು ಹಿಡಿದೆ. ಹನ್ನೊಂದೂವರೆ ಅಂಗುಲ. ಆ ವಿಹಾರದ ಇಪ್ಪತ್ತನಾಲ್ಕು ಗೂಡುಗಳೂ ಇವತ್ತು ಹನ್ನೊಂದೂವರೆ ಅಂಗುಲ ಆಳ ಇವೆ. ಇದಕ್ಕೇನೋ ಶಾಸ್ತ್ರ ಇರಬೇಕೆಂದು ನೋಡಿದವರು ತಿಳಿಯುತ್ತಾರೆ. ಶಾಸ್ತ್ರಗಳು ಹೀಗೇ ಹುಟ್ಟಿರಬಹುದು ಎಂಬ ಅನುಮಾನ ನನಗೆ ಅಂದಿನಿಂದ ಇದೆ. ರಾತ್ರಿ ಊಟಕ್ಕೆ ಕುಳಿತಾಗ ಇನ್ನೊಂದೂ ಹೊಳೆಯಿತು: ಅವರು ಮನುಷ್ಯನನ್ನು ಬೂದಿ ಮಾಡಿ ಗೂಡಿನಲ್ಲಿಡುತ್ತಾರೆ, ನಾವು ಮನುಷ್ಯನನ್ನು ಗೂಡಿನಲ್ಲಿಟ್ಟು ಬೂದಿಯಿಂದ ಮುಚ್ಚುತ್ತೇವೆ. ಈ ಸಣ್ಣ ಹಿಂದುಮುಂದಿಗಾಗಿ ನಮ್ಮ ಹಿರಿಯರು ಎಷ್ಟೆಲ್ಲ ಗೋಡೆ ಕಟ್ಟಿಕೊಂಡಿದ್ದರಪ್ಪಾ!

ಸುಮಿತ್ರಾಳಿಗೆ ಇನ್ನೊಂದು ತೊಡಕಿತ್ತು. ಅದೇ ದೊಡ್ಡದು. ಗಂಡನ ಬೂದಿ ಅವಳ ಕೈಯಲ್ಲಿರಲಿಲ್ಲ. ನೀಲಗುಂದದ ಕಡೆಯ ಹಳ್ಳಿಯಲ್ಲಿ ಅವಳ ಅತ್ತೆ ದುರುಗಮ್ಮನ ಹೊಲವಿದೆ. ಬೂದಿಯನ್ನು ಮನೆಯೊಳಗೆ ತರಬಾರದೆಂದು, ಹೊಳೆಗೆ ಬಿಡುವತನಕ ಇರಲಿ ಎಂದು, ಗಡಿಗೆಯನ್ನು ಹೊಲದ ಬದುವಿನ ಬೇವಿನ ಮರಕ್ಕೆ ಕಟ್ಟಿದ್ದರು. ಮೂರು ದಿನಕ್ಕೆಂದು ಕಟ್ಟಿದ್ದು ಎಂಟು ತಿಂಗಳಾಯಿತು. ಮುದುಕಿ ಹೊಳೆಗೂ ಬಿಡಲಿಲ್ಲ, ಸೊಸೆಗೂ ಕೊಡಲಿಲ್ಲ. ಮಗ ಸೊಸೆ ಬುದ್ಧನ ಕಡೆ ಹೋದವರು, ಆಕೆ ಊರಮ್ಮನನ್ನು ಬಿಟ್ಟವಳಲ್ಲ. ಆದರೆ ತಕರಾರು ದೇವರದ್ದಾಗಿರಲಿಲ್ಲ. ಹೊಲದಲ್ಲಿ ಕಳೆ ಕೀಳುವಾಗ ತಲೆ ಎತ್ತಿದರೆ ಗಡಿಗೆ ಕಾಣುತ್ತದೆ. ಕೈಬಿಟ್ಟರೆ ಮುಗಿಯಿತಲ್ಲ.

"ಮಳಿಗಾಲದೊಳಗ ಇಡಬೇಕಣ್ಣಾ. ಹಗ್ಗ ನವದೈತಿ. ಒಂದು ಜೋರು ಮಳಿ ಗಾಳಿ ಬಂದ್ರ..." ಎಂದಳು ಸುಮಿತ್ರಾ. "ಗೂಡು ನೋಡಿ ನಮ್ಮತ್ತಿ ಹೂಂ ಅನಬೇಕು. ಅಷ್ಟ ಚಂದಾಗಿರ್ಬೇಕು."

ಚಂದ ಎಂದರೆ ನನ್ನ ಕಿವಿ ನಿಮಿರುತ್ತದೆ. ಅವತ್ತಿನಿಂದ ಒಂದು ತಿಂಗಳು ನಾನು ಬೂದಿಗೂಡಿನ ಪಂಡಿತ. ಮನೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಎಲ್ಲೆಂದರಲ್ಲಿ ಅದೇ ಮಾತು. ಕಟ್ಟಿಗೆ ಬೇಡ, ನಮ್ಮ ನೆಲದ ಗೆದ್ದಲು ಸಾಗವಾನಿಯನ್ನೂ ಬಿಡುವುದಿಲ್ಲ. ಗೆದ್ದಲಿಗೆ ಬುದ್ಧ ಬಸವ ಎಂಬ ಭೇದವಿಲ್ಲ. ಸ್ಟೀಲು ತುಕ್ಕು ಹಿಡಿಯದು, ಸೋವಿಯೂ ಹೌದು, ಆದರೆ ಸಾಲಾಗಿ ಜೋಡಿಸಿದರೆ ಬ್ಯಾಂಕಿನ ಲಾಕರ್ ಕೋಣೆಗೆ ಹೋದಂತಿರುತ್ತದೆ, ಗುರುತಿನ ಚೀಟಿ ತರಲಿಲ್ಲವಲ್ಲ ಎಂದು ಎದೆ ಧಸಕ್ಕೆನ್ನುತ್ತದೆ. ಬಿಳಿ ಅಮೃತಶಿಲೆಯನ್ನು ಎಲ್ಲರೂ ಕೇಳುತ್ತಾರೆ. ಆದರೆ ನಮ್ಮವರ ಕೈ ಸುಮ್ಮನಿರುವುದಿಲ್ಲ. ಎಣ್ಣೆ, ಮೇಣ, ಹೂವಿನ ರಸ ಒಂದಲ್ಲ ಒಂದು ತಾಗಿಸುತ್ತಾರೆ. ಅಮೃತಶಿಲೆ ಎಲ್ಲ ಕಲೆಯನ್ನೂ ಕುಡಿಯುತ್ತದೆ, ಯಾವುದನ್ನೂ ಮರೆಯುವುದಿಲ್ಲ, ನಮ್ಮ ಮನೆಯವಳ ಹಾಗೆ. (ಇದನ್ನು ಓದಿ ಹೇಳಿದಾಗ ಆಕೆ, "ಮರಿಯಂಗಿಲ್ಲ ಅಂತ ಗೊತ್ತಿದ್ರ ಕಲಿ ಮಾಡೋದು ಬಿಡ್ರಿ" ಎಂದಳು.) ಗಾಜಿನ ಬಾಗಿಲು ಚೆನ್ನ ಎಂದು ಒಬ್ಬರು ಸೂಚಿಸಿದರು. ಗಾಜಿನ ಹಿಂದೆ ಡಬ್ಬಿ ಇಟ್ಟರೆ ನನಗೆ ನೆನಪಾಗುವುದು ಬೇಕರಿ.

ಕೊನೆಗೆ ನಾನು ಆರಿಸಿದ್ದು ಹೊಳಪಿನ ಕರಿ ಗ್ರಾನೈಟು. ಒಳಗೆ ಮೂರು ಕಡೆ ಕಡಪಾ ಹಲಗೆ, ಮುಂದಿನ ಬಾಗಿಲಿಗೆ ಕರಿಕಲ್ಲು. ಇದರಲ್ಲಿ ನನ್ನ ಜಾಣತನವೂ ಇತ್ತು. ಅಡುಗೆಮನೆಯ ಕಟ್ಟೆಗೆ ಕೊಯ್ದು ಉಳಿದ ತುಂಡುಗಳು ಕೂಡ್ಲಿಗಿಯ ಪಾಲಿಶ್ ಕಾರ್ಖಾನೆಯಲ್ಲಿ ಬಿದ್ದಿರುತ್ತವೆ. ಮಾಲೀಕನ ಜೊತೆ ಎರಡು ಗಂಟೆ ಕುಳಿತು, ಮೂರು ಸಲ ಎದ್ದುಹೋದಂತೆ ಮಾಡಿ, ನಾಲ್ಕನೆಯ ಸಲ ನಿಜವಾಗಿಯೂ ಬೈಕು ಚಾಲೂ ಮಾಡಿದಾಗ ಅವನು ಕೈ ಮುಗಿದು ಅರ್ಧ ಬೆಲೆಗೆ ಕೊಟ್ಟ. ಇಪ್ಪತ್ತನಾಲ್ಕು ಕನ್ನಡಿಗಳು! ಬಾಗಿಲುಗಳನ್ನು ಅಂಗಡಿಯ ಸಣ್ಣ ಗಾಡಿಯಲ್ಲಿ ನಿಲ್ಲಿಸಿ ಊರಿಗೆ ತರುವಾಗ, ಒಂದೊಂದರಲ್ಲೂ ನನ್ನ ಮುಖ ನೋಡಿಕೊಂಡೆ. ಮುಖದಲ್ಲಿ ತುಂಬ ತೃಪ್ತಿಯಿತ್ತು.

ಏಪ್ರಿಲ್ ತಿಂಗಳು. ನಮ್ಮ ಮೇಸ್ತ್ರಿ ಖಾಜಾಸಾಬ್ ಬಾಗಿಲುಗಳನ್ನು ವಿಹಾರದ ಗೂಡುಗಳಿಗೆ ಕೂರಿಸಿ ನಿಲ್ಲಿಸಿದ. ಗೋಡೆ ಪಡುವಣಕ್ಕೆ ಮುಖ ಮಾಡಿತ್ತು. ಅದು ಮೊದಲೇ ಇದ್ದ ಗೋಡೆ, ಆಗ ನನಗೆ ಅದೊಂದು ವಿಷಯವೇ ಅನ್ನಿಸಲಿಲ್ಲ. ಸುಮಿತ್ರಾ ಅತ್ತೆಯನ್ನು ಕರೆತಂದಳು. ಹರಪನಹಳ್ಳಿಯಲ್ಲಿ ಬಸ್ಸು ತಪ್ಪಿ, ಬೆಳಿಗ್ಗೆ ಬರಬೇಕಾದವರು ಬಂದಾಗ ಮಧ್ಯಾಹ್ನ ಮೂರಾಗಿತ್ತು. ದುರುಗಮ್ಮ ಕುಳ್ಳಗೆ, ಒಣಗಿದ ಹುಣಸೆಕಾಯಿಯಂತೆ ಬಾಗಿದ್ದಳು. ಗಡಿಗೆ ತಂದಿರಲಿಲ್ಲ. "ಮೊದ್ಲು ಜಾಗ ನೋಡ್ತೀನಿ" ಎಂದಳು. ನನಗೆ ಇಷ್ಟವಾದಳು, ಸರಕು ನೋಡದೆ ಮಾತು ಕೊಡಬಾರದು.

ನಾನು ಶುರು ಮಾಡಿದೆ. ಈ ಕಲ್ಲು ನೂರು ವರ್ಷ ಬಾಳುತ್ತದೆ, ಕಲೆ ಹಿಡಿಯುವುದಿಲ್ಲ, ಒರೆಸಿದರೆ ಹೊಸದು, ಅಕ್ಷರ ಕೊರೆಸಿ ಬಂಗಾರದ ಬಣ್ಣ ತುಂಬಿಸಿದರೆ ದೂರದಿಂದ ಓದಬಹುದು. ದುರುಗಮ್ಮ ಕೇಳಿಸಿಕೊಳ್ಳುತ್ತಲೇ ಗೋಡೆಯ ಹತ್ತಿರ ಹೋದಳು. ಸುಮಿತ್ರಾ ತೋರಿಸಿದ ಗೂಡಿನ ಬಾಗಿಲ ಮೇಲೆ, ಜ್ವರ ಬಂದ ಮಗುವಿನ ಹಣೆ ನೋಡುವಂತೆ ಅಂಗೈ ಇಟ್ಟಳು.

ಇಟ್ಟವಳು ಸರಕ್ಕನೆ ಹಿಂದೆ ತೆಗೆದಳು. ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಕೂಗಲಿಲ್ಲ. ನನ್ನ ಕಡೆ ತಿರುಗಿ, "ಒಮ್ಮಿ ಸುಟ್ಟದ್ದು ಸಾಲ್ದೇನಪಾ?" ಎಂದಳು.

ಖಾಜಾಸಾಬ್ ಕರಣಿಯನ್ನು ಬಕೀಟಿಗೆ ಹಾಕಿದ. ನಾನು ಹೋಗಿ ಕೈಯಿಟ್ಟು ನೋಡಿದೆ. ರೊಟ್ಟಿ ಹಂಚು. ಹೊಳೆಯುವ ಕರಿಕಲ್ಲು, ಪಡುವಣ ಬಿಸಿಲು, ಏಪ್ರಿಲ್ ಮೂರು ಗಂಟೆ: ಮೂರೂ ನನಗೆ ಗೊತ್ತಿದ್ದವೇ. ಬೇರೆ ಬೇರೆಯಾಗಿ ಗೊತ್ತಿದ್ದವು.

"ಹೋಗೂಣು ನಡಿ" ಎಂದು ಸೊಸೆಗೆ ಹೇಳಿ ಮುದುಕಿ ಗೇಟಿನ ಕಡೆ ನಡೆದಳು. ಸುಮಿತ್ರಾ ನನ್ನನ್ನು ಬೈಯಲಿಲ್ಲ. ನರ್ಸು ಅಲ್ಲವೇ, ಅತ್ತೆಯ ಅಂಗೈ ಬಿಡಿಸಿ ನೋಡಿ ನಲ್ಲಿ ನೀರು ಬಿಟ್ಟಳು. ಬೈದಿದ್ದರೆ ನಾನು ಒಂದು ಸಮಜಾಯಿಷಿ ಕೊಟ್ಟು ಹಗುರಾಗುತ್ತಿದ್ದೆ.

ಮರುದಿನ ಖಾಜಾಸಾಬ್ ಅಂಗಡಿಗೆ ಬಂದು, "ಯಜಮಾನ್ರ, ಬಾಗಳಿಗೆ ಹೋಗಿ ಬರೂಣೇನ್ರಿ?" ಎಂದ. ಅವನ ಅಜ್ಜ ಹಳೆಯ ಕಲ್ಲುಕುಟಿಗ. ತಲೆ ಕೆಟ್ಟಾಗ ಬಾಗಳಿಯ ಕಲ್ಲೇಶ್ವರ ಗುಡಿಗೆ ಹೋಗಿ ಕಂಬಗಳ ನಡುವೆ ಕೂರುತ್ತಿದ್ದನಂತೆ. ಹೋದೆವು. ನಾನು ಆ ಗುಡಿಗೆ ಹತ್ತಾರು ಸಲ ಹೋದವನೇ, ಕೈ ಮುಗಿದು ಬಂದವನೇ. ಮುಟ್ಟಿ ನೋಡಿರಲಿಲ್ಲ. ಅದೇ ಸುಡು ಮಧ್ಯಾಹ್ನ. ಒಳಗಿನ ಕಂಬಕ್ಕೆ ಕೈಯಿಟ್ಟರೆ ಮಣ್ಣಿನ ಗಡಿಗೆಗೆ ಇಟ್ಟಂತೆ ತಣ್ಣಗೆ. ಕಂಬ ಕಪ್ಪೇ, ಹೊಳಪೂ ಇದೆ, ಮುಖ ಕಾಣುವಷ್ಟು. ಹೊರಗೆ ಬಂದು ಬಿಸಿಲಿಗೆ ಮೈಯೊಡ್ಡಿದ ಗೋಡೆ ಮುಟ್ಟಿದೆ, ಅದು ಕಾದಿತ್ತು.

"ಕಲ್ಲು ಅದ ಐತ್ರಿ" ಎಂದ ಖಾಜಾಸಾಬ್. "ಅವ್ರು ಮೊದ್ಲ ನೆಳ್ಳು ಕಟ್ಟಿ, ಆಮ್ಯಾಲ ಕಂಬ ನಿಲ್ಸ್ಯಾರ. ನಾವು ಕಂಬ ನಿಲ್ಸಿ ನೆಳ್ಳು ಮರ್ತೀವಿ."

ಸಾವಿರ ವರ್ಷದ ಹಿಂದಿನ ಗುತ್ತಿಗೆದಾರನಿಗೆ ಇದ್ದ ಬುದ್ಧಿ ನನಗಿರಲಿಲ್ಲ. ಅವನೂ ಅರ್ಧ ಬೆಲೆಯ ತುಂಡುಗಲ್ಲಿನ ಹಿಂದೆ ಬಿದ್ದಿದ್ದರೆ ಅಲ್ಲಿ ಈಗ ಹೊಲ ಇರುತ್ತಿತ್ತು.

ಕರಿ ಬಾಗಿಲುಗಳನ್ನೆಲ್ಲ ಇಳಿಸಿದೆವು. ಅವು ಈಗಲೂ ಅಂಗಡಿಯ ಮೂಲೆಯಲ್ಲಿವೆ, ಇಡಲು ಜಾಗವಿಲ್ಲ, ಮಾರಲು ಮನಸ್ಸಿಲ್ಲ. ಅವುಗಳ ಜಾಗಕ್ಕೆ ಹೊಳಪು ಕೊಡದ ಬಿಳಿಗಲ್ಲು ತಂದೆ. ನಮ್ಮ ಕಡೆ ಕಿಟಕಿಯ ಕೆಳಹಲಗೆಗೆ, ಹೊಲದ ಕಂಬಕ್ಕೆ ಹಾಕುವ ಸಾದಾ ಕಲ್ಲು. ಮೇಲೆ ಎರಡೂವರೆ ಅಡಿ ಮುಂದೆ ಚಾಚಿದ ಕಲ್ಲುಹಾಸಿನ ಚಜ್ಜಾ, ಎದುರಿಗೆ ಇಳಿಬಿಸಿಲು ತಡೆಯಲು ಸಾಲಾಗಿ ಹೊಂಗೆ ಸಸಿ. ಅವು ಬೆಳೆಯುವತನಕ ತೆಂಗಿನ ಗರಿಯ ತಡಿಕೆ. ಆರುನೂರು ಹೋದದ್ದು ಇಲ್ಲಿ. ಕಲ್ಲಿನ ವ್ಯಾಪಾರಿ ನಾನು. ನೆರಳನ್ನು ಯಾವ ದರಕ್ಕೆ ಮಾರಬೇಕೆಂದು ಯಾರೂ ಕಲಿಸಿರಲಿಲ್ಲ.

ಮೇ ಕೊನೆಗೆ ಮೋಡ ಕಟ್ಟತೊಡಗಿತು. ದುರುಗಮ್ಮನನ್ನು ಮತ್ತೆ ಕರೆಯಲು ನಾನೇ ಹೋದೆ. ಬೇವಿನ ಮರದ ಗಡಿಗೆಯನ್ನೂ ನೋಡಿದೆ. ಹಗ್ಗದ ಎರಡು ಎಳೆ ಆಗಲೇ ಹರಿದಿದ್ದವು. "ಅಮ್ಮಾ, ಮಧ್ಯಾಹ್ನ ಮೂರಕ್ಕ ಬರ್ರಿ. ಕೈಯಿಟ್ಟು ನೋಡ್ರಿ. ಬಿಸಿ ಆದ್ರ ನಾನ ಎಲ್ಲಾ ಕಿತ್ತು ಹಾಕ್ತೀನಿ" ಎಂದೆ. ಆಕೆ ಬಹಳ ಹೊತ್ತು ಮರ ನೋಡಿದಳು. ಈ ಸಲ ಗಡಿಗೆ ಇಳಿಸಿ, ಮಡಿಲಲ್ಲಿಟ್ಟುಕೊಂಡು ನನ್ನ ಗಾಡಿಯಲ್ಲಿ ಕುಳಿತಳು. ದಾರಿಯುದ್ದಕ್ಕೂ ತಗ್ಗು ಬಂದಾಗಲೆಲ್ಲ, "ಸಾವಕಾಶ ಹೊಡಿ, ಅವ ಹಿಂಗ ಎತ್ತಿ ಹಾಕ್ತಿದ್ದಿಲ್ಲ" ಎನ್ನುತ್ತಿದ್ದಳು. ಡ್ರೈವರನ ತಾಯಿ.

ವಿಹಾರದಲ್ಲಿ ಸುಮಿತ್ರಾ, ಇಬ್ಬರು ಹೆಣ್ಣುಮಕ್ಕಳು ಕಾದಿದ್ದರು. ಮುದುಕಿ ಕಲ್ಲಿಗೆ ಅಂಗೈ ಇಟ್ಟಳು. ತೆಗೆಯಲಿಲ್ಲ. ಕೆನ್ನೆಯನ್ನೂ ಇಟ್ಟು ನೋಡಿದಳು. "ಥಂಡಗೈತಿ" ಎಂದಳು. ಸುಮಿತ್ರಾ ಬಿಟ್ಟ ಉಸಿರು ನನಗೆ ಕೇಳಿಸಿತು. ನಾನು ಗೆದ್ದೆ ಅಂದುಕೊಂಡೆ. ಸರಿಯಾಗಿ ಆಗಲೇ ಖಾಜಾಸಾಬ್ ಬಾಗಿಲಿಗೆ ಹಚ್ಚಲು ಅಂಟಿನ ಡಬ್ಬಿ ತೆರೆದ.

"ಅದೇನು?" ಎಂದಳು ದುರುಗಮ್ಮ.

"ಅಂಟು ಅಮ್ಮಾ. ಒಮ್ಮಿ ಹಚ್ಚಿದ್ರ ಮುಗೀತು. ಭೂಮಿ ನಡುಗಿದ್ರೂ ಬರಂಗಿಲ್ಲ" ಎಂದು ನಾನು ಹೆಮ್ಮೆಯಿಂದ ಹೇಳಿದೆ.

ಆಕೆ ಗಡಿಗೆಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಾಳಿ ನಂಗ ಹೊಳಿಗೆ ಬಿಡಬೇಕು ಅನಿಸಿದ್ರ?"

"ಅತ್ತೀ..." ಎಂದಳು ಸುಮಿತ್ರಾ.

"ಬಿಡ್ತೀನಿ ಅಂತ ಅನ್ನಾಕತ್ತಿಲ್ಲವಾ. ಅನಿಸಿದ್ರ ಅಂದೆ. ಅವಂಗ ಮೂವತ್ತು ವರ್ಸ ಹೋಗೋದು ಬರೋದ ಕೆಲಸ. ಬಾಗಿಲಿಗೆ ಅಂಟು ಹಚ್ಚಿ ಕುಂದ್ರಿಸಿದ್ರ ಹೆಂಗ?"

ಇಂಥ ಗಿರಾಕಿಯನ್ನು ನಾನು ನಲವತ್ತು ವರ್ಷದಲ್ಲಿ ಕಂಡಿಲ್ಲ. ಆಕೆ ಕೊಂಡ ಮಾಲನ್ನು ವಾಪಸು ಮಾಡುವ ಹಕ್ಕನ್ನು ಕೇಳುತ್ತಿದ್ದಳು, ವಾಪಸು ಮಾಡುವ ಇರಾದೆ ಇಲ್ಲದೆ. ನಾನು ಖಾಜಾಸಾಬನ ಮುಖ ನೋಡಿದೆ. ಅವನು ಅಂಟಿನ ಡಬ್ಬಿ ಮುಚ್ಚಿ, ಡ್ರಿಲ್ಲು ತೆಗೆದ. ಅಂಗಡಿಗೆ ಫೋನು ಮಾಡಿ ಹಿತ್ತಾಳೆಯ ತಿರುಪು ತರಿಸಿದೆವು. ಬಾಗಿಲಿಗೆ ನಾಲ್ಕು, ಮೂಲೆಗೊಂದು. ದುರುಗಮ್ಮ ಗಡಿಗೆಯನ್ನು ತಾನೇ ಒಳಗಿಟ್ಟಳು, ಮುಖ ಯಾವ ಕಡೆ ಇರಬೇಕೆಂದು ಎರಡು ಸಲ ತಿರುಗಿಸಿ ನೋಡಿದಳು. ಮೂರು ತಿರುಪನ್ನು ಖಾಜಾಸಾಬ್ ಬಿಗಿದ. ನಾಲ್ಕನೆಯದನ್ನು ಆಕೆಯ ಕೈ ಹಿಡಿದು ಆಕೆಯಿಂದಲೇ ಬಿಗಿಸಿದ. ಆಮೇಲೆ ಆಕೆ ಸ್ಕ್ರೂಡ್ರೈವರನ್ನು ಅವನಿಗೆ ಹಿಂದಿರುಗಿಸಲಿಲ್ಲ. ಎಲೆ ಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಳಿಸಿ, ದಾರ ಎಳೆದು ಕಟ್ಟಿಕೊಂಡಳು.

ಮೂರನೆಯ ದಿನ ಮಳೆ ಬಂತು. ಅದಾಗಿ ಎರಡು ಮಳೆಗಾಲ ಕಳೆದಿವೆ. ದುರುಗಮ್ಮ ತಿಂಗಳಿಗೊಮ್ಮೆ ಬರುತ್ತಾಳೆ, ಕಲ್ಲಿಗೆ ಕೆನ್ನೆಯಿಟ್ಟು ಕುಳಿತು ಸೊಸೆಯ ಮೇಲಿನ ದೂರನ್ನೆಲ್ಲ ಮಗನಿಗೆ ಒಪ್ಪಿಸಿ, ಸೊಸೆಯ ಮನೆಯಲ್ಲೇ ಉಂಡು ಹೋಗುತ್ತಾಳೆ. ತಿರುಪಿಗೆ ಕೈ ಹಚ್ಚಿಲ್ಲ.

ನೀವೂ ಎಂದಾದರೂ ಇಂಥ ಗೂಡು ಮಾಡಿಸುವವರಿದ್ದರೆ, ನನ್ನ ಅಂಗಡಿಗೇ ಬನ್ನಿ ಎನ್ನುವುದಿಲ್ಲ, ಬಂದರೆ ಬೇಡ ಎನ್ನುವುದೂ ಇಲ್ಲ. ಮಾದರಿ ಕಲ್ಲನ್ನು ಅಂಗಡಿಯ ಫ್ಯಾನಿನ ಕೆಳಗೆ ನೋಡಿ ಒಪ್ಪಬೇಡಿ. ಗೋಡೆ ಇರುವ ಜಾಗದಲ್ಲೇ ಒಂದು ಹಗಲು ಇರಿಸಿ, ಬಿಸಿಲೇರಿದ ಮೇಲೆ ಮುಟ್ಟಿ. ಹೊಳಪಿಗೆ ಕೊಡುವ ದುಡ್ಡನ್ನು ಚಜ್ಜಾಕ್ಕೆ ಕೊಡಿ. ಗೂಡಿನ ತಳ ಮುಂದಕ್ಕೆ ಒಂದು ಎಳೆ ಇಳಿಜಾರಿರಲಿ, ಒಳಗೆ ಬಿದ್ದ ಹನಿ ಹೊರಗೆ ಬರಬೇಕು. ತಿರುಪು ಹಿತ್ತಾಳೆಯದೇ ಆಗಲಿ. ಕಬ್ಬಿಣದ್ದು ಹಾಕಿದರೆ ಎರಡು ಮಳೆಗಾಲಕ್ಕೆ ಕಲ್ಲಿನ ಮೇಲೆ ಕೆಂಪಗೆ ಇಳಿಯುತ್ತದೆ, ಆಮೇಲೆ ತಿರುಗುವುದೂ ಇಲ್ಲ. ಅಂಟಿನವರು ಎಷ್ಟು ಹೇಳಿದರೂ ಅಂಟು ಬೇಡ. ಎಲ್ಲ ಮುಗಿದ ಮೇಲೆ ಸ್ಕ್ರೂಡ್ರೈವರನ್ನು ಮೇಸ್ತ್ರಿಗೆ ಕೊಡಬೇಡಿ, ಸಮಿತಿಯ ಕಪಾಟಿನಲ್ಲೂ ಇಡಬೇಡಿ. ಮನೆಯವರಲ್ಲಿ ಯಾರು ಕೊನೆಯತನಕ ಒಲ್ಲೆ ಒಲ್ಲೆ ಎಂದಿದ್ದರೋ, ಹುಡುಕಿ ಅವರ ಕೈಗೆ ಕೊಡಿ. ನಲವತ್ತು ರೂಪಾಯಿಗೆ ಸಿಗುತ್ತದೆ. ಚೌಕಾಸಿ ಮಾಡಿದರೆ ಮೂವತ್ತೈದು.